ಮಕ್ಕಳಿಗೆ ಪ್ರಾರ್ಥನೆ ಕಲಿಸೂದು ಹೆಂಗ: ಮೊದಲ ನಾವು ಮೊಣಕಾಲೂರೂದು

ಹೋದ ಅಕ್ಟೋಬರದಾಗ ನಮ್ಮನಿಗೆ ಬೀಗರು ಬಂದಿದ್ರು, ಅಕ್ಟೋಬರ ಅಂದ್ರ ನಮ್ಮ ಕ್ಯಾಥೋಲಿಕರಿಗೆ ಜಪಸರದ (ಮಣಿ ಎಣಿಸ್ಕೊಂತ ಮಾಡೂ ಮರಿಯಮ್ಮನ ಪ್ರಾರ್ಥನೆ) ತಿಂಗಳು ನಿಮಗ ಗೊತ್ತ ಐತಲ್ಲ, ಸಂಜೀಕೆ ಎಲ್ಲಾರೂ ಕೂಡಿ ಕುಂತಾಗ ನಾನು ನನ್ನ ಒಂಬತ್ತು ವರ್ಷದ ಮಗನ್ನ ಎಬ್ಬಿಸಿ ನಿಲ್ಲಿಸಿ "ವಿಶ್ವಾಸ ಸಂಗ್ರಹ ಪೂರ್ತಿ ಹೇಳಪಾ, ಎಲ್ಲಾರೂ ಕೇಳ್ಲಿ" ಅಂದೆ. ನಾವು ಏನ ನಂಬ್ತೀವಿ ಅಂತ ಹೇಳೂ ಪ್ರಾರ್ಥನೆ ಅದು, ಪಾಪ ಹುಡುಗ ಅದರಾಗ ಯೇಸುಗ ಶಿಲುಬೆ ಶಿಕ್ಷೆ ಕೊಟ್ಟ ಅಧಿಕಾರಿ ಪಿಲಾತನ ಹೆಸರಿಗೆ ಬಂದು ಸಿಕ್ಕೊಂಡ. ಎರಡ ಸಲಾ ಪಿಲಾತ ಪಿಲಾತ ಅಂದ, ಆಮೇಲೆ ಅಂಗಿ ಗುಂಡಿ ಹಿಡಕೊಂಡು ಅಳಾಕ ಶುರು ಮಾಡ್ದ. ನಾನು ಅವನ್ನ ಸಮಾಧಾನ ಮಾಡೂದು ಬಿಟ್ಟು "ದಿನಾ ಹೇಳ್ತಾನ್ರಿ, ಇವತ್ತ ಯಾಕೋ" ಅಂತ ಬೀಗರಿಗೆ ಸಮಜಾಯಿಷಿ ಕೊಡ್ತಿದ್ದೆ. ರಾತ್ರಿ ಪಾತ್ರೆ ತಿಕ್ಕೂಮುಂದ ಹೊಳೀತು, ಅವತ್ತು ನಮ್ಮನ್ಯಾಗ ಪ್ರಾರ್ಥನೆ ಆಗಿರಲಿಲ್ಲ, ಗ್ಯಾದರಿಂಗ ಆಗಿತ್ತು ಅಷ್ಟ.

ಲೂಕನ ಸುವಾರ್ತೆ 18ನೇ ಅಧ್ಯಾಯದಾಗ ಯೇಸು ಹೇಳಿದ ಕತಿ ಇದ. ಫರಿಸಾಯ, ಅಂದ್ರ ಧರ್ಮದ ನಿಯಮ ಕಟ್ಟುನಿಟ್ಟ ಪಾಲಿಸೂ ಪಂಗಡದ ಯೆಹೂದಿ, ದೇವಾಲಯದಾಗ ನಿಂತು ನಾನು ಉಪವಾಸ ಮಾಡ್ತೀನಿ, ದಶಾಂಶ ಕೊಡ್ತೀನಿ, ಆ ಸುಂಕದವನಂಗ ಅಲ್ಲ ನಾನು ಅಂತ ಲಿಸ್ಟ್ ಓದ್ತಾನ. ಸುಂಕದವ ದೂರ ನಿಂತು, ಕಣ್ಣೂ ಮ್ಯಾಲೆತ್ತದ, ಎದಿ ಬಡಕೊಂಡು, ಪಾಪಿ ನಾನು ಕರುಣೆ ತೋರ್ಸು ಅಂತಾನ, ಅವನ ಪ್ರಾರ್ಥನೆನ ದೇವರಿಗೆ ಮುಟ್ಟೂದು. ನಾನು ಮಗನ್ನ ಫರಿಸಾಯನ ಜಾಗಾದಾಗ ನಿಲ್ಲಿಸಿದ್ದೆ, ಅದೂ ನನ್ನ ಮರ್ಯಾದಿಗೋಸ್ಕರ. ಅಲ್ಲಿಂದ ನಮ್ಮನ್ಯಾಗ ಏನೇನ ಬದಲ ಮಾಡಿದ್ವಿ ಅನ್ನೂದನ್ನ ಬರೀತೀನಿ, ನಿಮಗ ಹೊಂದೂದನ್ನ ತಗೋರಿ.

ಮೊದಲನೇದು, ಗಿಡ್ಡ ಮಾಡ್ರಿ. ಐದು ದಶಕದ, ಅಂದ್ರ ಹತ್ತ ಹತ್ತ ಮಣಿ ಐದು ಗುಂಪಿನ, ಪೂರ್ತಿ ಜಪಸರಕ್ಕ ಹತ್ರ ಹತ್ರ ಇಪ್ಪತ್ತು ನಿಮಿಷ ಹಿಡೀತದ, ಐದು ವರ್ಷದ ಕೂಸು ಅಷ್ಟೊತ್ತು ಕುಂದ್ರಂಗಿಲ್ಲ, ಕುಂದ್ರಬೇಕು ಅಂತನೂ ಇಲ್ಲ. ಒಂದ ದಶಕ ಹೇಳ್ರಿ, ಒಂದು ಪರಲೋಕ ಮಂತ್ರ, ಹತ್ತು ನಮೋ ಮರಿಯಾ, ಒಂದು ತ್ರಿತ್ವ ಸ್ತುತಿ, ಮುಗೀತು, ಮೂರ್ನಾಕು ನಿಮಿಷ. ಮಣಿ ಎಣಸೂ ಕೆಲಸ ಸಣ್ಣಾಕೀಗೆ ಕೊಡ್ರಿ. ನಮ್ಮ ಮಗಳು ಒಮ್ಮೊಮ್ಮೆ ಎಂಟಕ್ಕ ನಿಲ್ಲಿಸ್ತಾಳ, ಒಮ್ಮೊಮ್ಮೆ ಹದಿಮೂರು ಹೇಳಿಸ್ತಾಳ, ನಾವು ತಿದ್ದಂಗಿಲ್ಲ. ಹತ್ತು ವರ್ಷ ದಾಟಿದ ಮ್ಯಾಲೆ ರಹಸ್ಯಗಳನ್ನ, ಅಂದ್ರ ಜಪಸರ ಹೇಳೂಮುಂದ ಧ್ಯಾನ ಮಾಡೂ ಯೇಸು ಮರಿಯಮ್ಮರ ಜೀವನದ ಘಟನೆಗಳನ್ನ, ಹೇಳಿಕೊಡ್ರಿ, ಸೋಮವಾರ ಶನಿವಾರ ಸಂತೋಷದ್ದು, ಮಂಗಳವಾರ ಶುಕ್ರವಾರ ದುಃಖದ್ದು, ಬುಧವಾರ ಆದಿತ್ಯವಾರ ಮಹಿಮೆದು, ಗುರುವಾರ ಬೆಳಕಿನದು. ಈ ಬೆಳಕಿನ ರಹಸ್ಯ 2002ರಾಗ ಪೋಪ್ ಎರಡನೇ ಜಾನ್ ಪಾಲ್ ಸೇರ್ಸಿದ್ದು, ಅದಕ್ಕ ಅಜ್ಜಿ ಕಾಲದ ಪುಸ್ತಕದಾಗ ಹುಡುಕಿದ್ರ ಸಿಗಂಗಿಲ್ಲ.

ಜಾಗಾ ಅಂತ ದೊಡ್ಡ ವಿಚಾರ ಏನ ಬ್ಯಾಡ. ಹುಬ್ಬಳ್ಳಿ ಕೇಶ್ವಾಪುರದಾಗ ನಮ್ಮದು ಎರಡ ಖೋಲಿ ಬಾಡಿಗಿ ಮನಿ, ಟಿವಿ ಮ್ಯಾಲಿನ ಪಡಸಾಲಿ ಗೋಡಿಗೆ ಶಿಲುಬೆ, ಅದರ ಬಾಜೂ ಮರಿಯಮ್ಮನ ಫೋಟೋ. ಟಿವಿ ಬಂದ್ ಮಾಡಿ ಮೊಬೈಲ್ ಅಡಗಿಮನಿ ಕಟ್ಟಿ ಮ್ಯಾಲೆ ಇಟ್ರ ಅದ ಚರ್ಚ್. ಎರಡನೇ ವ್ಯಾಟಿಕನ್ ಸಭೆ (ಜಗತ್ತಿನ ಬಿಷಪ್ಪರೆಲ್ಲಾ ಕೂಡಿದ್ದು) 1964ರಾಗ ಕುಟುಂಬ ಅಂದ್ರ ಮನಿಯೊಳಗಿನ ಧರ್ಮಸಭೆ, ಅಂದ್ರ ಚರ್ಚ್, ಅಂದದ್ದು, ಗದಗ ಹಾವೇರಿ ಕಡೆ ಹಳ್ಳ್ಯಾಗಿಂದ ಆದಿತ್ಯವಾರ ಎರಡ ಬಸ್ ಬದಲಾಯ್ಸಿ ಪೂಜೆಗೆ ಬರೂ ಮಂದಿಗೆ ಈ ಮಾತಿನ ತೂಕ ನಮಗಿಂತ ಹೆಚ್ಚು ಗೊತ್ತಿರ್ತದ.

ಈಗ ಭಾಳ ಮುಖ್ಯದ್ದು, ಇದನ್ನ ಬಿಟ್ರ ಉಳದದ್ದೆಲ್ಲಾ ವೇಸ್ಟು. ಪ್ರಾರ್ಥನೆದಾಗ ಕ್ಷಮಾ ಕೇಳೂ ಪಾಳಿ ಬಂದಾಗ ಮೊದಲ ದೊಡ್ಡವರು ಕೇಳಬೇಕು, ಮಕ್ಕಳ ಮುಂದ, ಬಾಯಿ ಬಿಟ್ಟು. "ದೇವ್ರೇ ನಮ್ಮ ತಪ್ಪನ್ನ ಕ್ಷಮಿಸು" ಅಂತ ಒಟ್ಟಾರೆ ಅಂದ್ರ ನಡಿಯಂಗಿಲ್ಲ, ಯಾವ ತಪ್ಪು ಅಂತ ಹೇಳ್ಬೇಕು. ನಮ್ಮ ಕಡೆ ನಳಾ ಬರೂ ದಿನ ಹೆಂಗಿರ್ತದ ಹುಬ್ಬಳ್ಳಿ ಧಾರವಾಡದವರಿಗೆ ನಾ ಏನ ಹೇಳ್ಲಿ, ಎಷ್ಟೋ ದಿನಕ್ಕೊಮ್ಮೆ ನೀರು, ಕೊಡಾ ಬಕೀಟು ಪೈಪು ಅಂತ ಓಡ್ಯಾಡೂಮುಂದ ಮಕ್ಕಳು ಅಡ್ಡ ಬಂದ್ರ ಬೈಗುಳ ತಪ್ಪಂಗಿಲ್ಲ. ಒಂದಿನ ಹಿಂಗ ಬೈದ ಮ್ಯಾಲೆ ರಾತ್ರಿ ಪ್ರಾರ್ಥನೆದಾಗ ಮಗಗ "ನಿಂಗೇನ ಬೇಕು ಕೇಳಪಾ" ಅಂದ್ರ ಅವ ಕಣ್ಮುಚ್ಚಿ "ಯೇಸಪ್ಪಾ, ಇನ್ನ ಮುಂದ ನಳಾ ನಾ ಸಾಲಿಗೆ ಹೋದಾಗ ಬರ್ಲಿ" ಅಂದ. ನಮ್ಮನಿಯವರಿಗೆ ನಗು ತಡೀಲಾರದ ಆಚೆ ಎದ್ದು ಹೋದ್ರು. ನನಗ ನಗು ಬರಲಿಲ್ಲ. "ಮುಂಜಾನೆ ಪೈಪ್ ಸಲುವಾಗಿ ನಿನ್ನ ಬೈದೆ, ತಪ್ಪು ನಂದು, ನಿಂದಲ್ಲ" ಅಂತ ದೇವರ ಮುಂದನ ಅವಗ ಹೇಳಿದೆ, ಹೇಳೂಮುಂದ ಗಂಟಲು ಒಣಗಿತ್ತು ಖರೇನ. ಅವ ಏನೂ ಅನ್ನಲಿಲ್ಲ, ಆದ್ರ ಮರುದಿನ ತಂಗಿ ಪೆನ್ಸಿಲ್ ಮುರದದ್ದನ್ನ ಅವನ ತಾನಾಗಿ ಹೇಳ್ದ. ಹಿಂಗ ದಿನಾ ಆಗ್ತದ ಅಂತ ನಾ ಹೇಳಂಗಿಲ್ಲ, ಎಷ್ಟೋ ದಿನ ಅವನ ಕಾಟ ಅವಂದು, ನನ್ನ ಸಿಟ್ಟು ನಂದು.

ಸಂತ ತೆರೇಸಾ, ಫ್ರಾನ್ಸಿನ ಲಿಸಿಯದ ಸಣ್ಣ ತೆರೇಸಮ್ಮ, ಸಂತರು ಹೆಂಗ ಪ್ರಾರ್ಥನೆ ಮಾಡ್ತಾರ ಅಂತ ತಿಳೀಲಿಕ್ಕೆ ನಮ್ಮಪ್ಪನ್ನ ನೋಡಿದ್ರ ಸಾಕಿತ್ತು ಅಂತ ಬರದಾಳ. ಅಪ್ಪ ಲೂಯಿ ಗಡಿಯಾರ ರಿಪೇರಿ ಅಂಗಡಿಯವ, ಅವ್ವ ಝೇಲಿ ಲೇಸ್ ಹೆಣೆಯಾಕಿ, ಒಂಬತ್ತು ಮಕ್ಕಳು ಹುಟ್ಟಿ ನಾಕು ಸಣ್ಣವಿದ್ದಾಗನ ತೀರಿಕೊಂಡ್ವು. ಪೋಪ್ ಫ್ರಾನ್ಸಿಸ್ 2015ರಾಗ ಈ ಗಂಡ ಹೆಂಡ್ತಿ ಇಬ್ಬರನ್ನೂ ಒಟ್ಟಿಗೆ ಸಂತರು ಅಂತ ಸಾರಿದ್ರು. ದುಕಾನ ನಡಸ್ಕೊಂತ, ಹೊಟ್ಟಿಪಾಡು ನೋಡ್ಕೊಂತ ಇದ್ದವರು, ನಮ್ಮಂಥಾರ.

ಆದಿತ್ಯವಾರದ ಪೂಜೆಗೆ ಬಂದ್ರ, ಪರಮಪ್ರಸಾದಕ್ಕ, ಅಂದ್ರ ಪೂಜೆದಾಗ ಯೇಸುವಿನ ದೇಹ ಅಂತ ತಗೊಳ್ಳೂ ರೊಟ್ಟಿಗೆ, ಒಂದ ತಾಸು ಮುಂಚೆ ಏನೂ ತಿನ್ನಬಾರದು ಅನ್ನೂ ನಿಯಮ ಐತಿ, ನೀರು ಔಷಧ ನಡೀತದ. ಇದನ್ನ ಮಗಗ ತಿಳಿಸಾಕ ನನಗ ಬಾಜೂ ಮನಿ ಅಜ್ಜಿ ಸಹಾಯ ಆದ್ಲು, ಆಕಿ ಲಿಂಗಾಯತರಾಕಿ, ಸ್ನಾನ ಮಾಡಿ ಲಿಂಗಪೂಜಿ ಮುಗಿಯೂತನಕಾ ಒಂದ ಗುಟುಕು ಚಾನೂ ಕುಡಿಯಂಗಿಲ್ಲ. "ಅಜ್ಜಿ ಹೆಂಗ ಕಾಯ್ತಾಳೋ ಹಂಗ ನಾವೂ ಕಾಯೂದು" ಅಂದೆ, ತಟ್ಟನ ತಿಳೀತು. ಮತ್ತ ಮಕ್ಕಳು ಸಾಲ್ಯಾಗಿಂದ "ನಮ್ಮ ದೇವರು ದೊಡ್ಡಾವ, ಅವರದು ಸುಳ್ಳು" ಅಂತ ಜಗಳಾ ತಂದ್ರ ಅಲ್ಲೇ ತಡೀರಿ, ಅದು ಆ ಫರಿಸಾಯನ ಮಾತು ನೋಡ್ರಿ, ಸಣ್ಣ ಬಾಯಾಗ ಬಂದದ್ದಷ್ಟ. ಬ್ಯಾರೆ ಧರ್ಮದಾಗ ಇರೂ ಸತ್ಯ, ಪವಿತ್ರ ಯಾವುದನ್ನೂ ಧರ್ಮಸಭೆ ತಳ್ಳಿಹಾಕಂಗಿಲ್ಲ ಅಂತ 1965ರಾಗನ ವ್ಯಾಟಿಕನ್ ಸಭೆ ಬರದಿಟ್ಟದ. ನಮ್ಮದನ್ನ ಗಟ್ಟಿ ಹಿಡಕೋರಿ, ಇನ್ನೊಬ್ಬರದ್ದನ್ನ ತುಳೀಬ್ಯಾಡ್ರಿ.

ಪಾಪನಿವೇದನೆಗೆ, ಅಂದ್ರ ಫಾದರ್ ಮುಂದ ತಪ್ಪು ಒಪ್ಪಿ ಕ್ಷಮಾ ಕೇಳಾಕ, ಮಗು ಮೊದಲ ಸಲ ಹೋಗೂಮುಂದ ನೀವು ಅದರ ಮುಂದ ಪಾಳಿ ನಿಂದ್ರಿ. ಹೊರಗ ಬಂದ ಮ್ಯಾಲೆ "ಏನೇನ ಹೇಳಿದಿ ಫಾದರ್‌ಗೆ" ಅಂತ ಕೇಳೂದು ಖಂಡಿತ ಬ್ಯಾಡ, ಫಾದರ್ ಯಾರಿಗೂ ಹೇಳಂಗಿಲ್ಲ, ನೀವೂ ಕೆದಕಬ್ಯಾಡ್ರಿ. ಮತ್ತ "ಸುಳ್ಳ ಹೇಳಿದ್ರ ದೇವರು ಕಣ್ಣ ತಗೀತಾನ" ಅನ್ನೂ ಹೆದರಿಕೆ ಇನ್ನೂ ಭಾಳ ಮನ್ಯಾಗ ಐತಿ, ನಂದೂ ಅದ ಕೇಳ್ಕೊಂತ ಬೆಳದ ಜೀವ, ಗುಡುಗು ಬಂದ್ರ ಹಾಸಿಗಿ ಕೆಳಗ ಹೊಗ್ತಿದ್ದೆ. ಹೆದರಿದ್ದಕ್ಕೂ ತಗ್ಗಿದ್ದಕ್ಕೂ ಭಾಳ ಫರಕ್ ಐತ್ರಿ.

ತಪಸ್ಸುಕಾಲದಾಗ, ಅಂದ್ರ ಈಸ್ಟರ್ ಮುಂಚಿನ ಉಪವಾಸದ ದಿನದಾಗ, ಶುಕ್ರವಾರ ಮಾಂಸ ಬಿಡೂ ಕಾನೂನು 14 ತುಂಬಿದವರಿಗೆ, ಸಣ್ಣವರಿಗೆ ಕಡ್ಡಾಯ ಇಲ್ಲ. ನಾವು ಮಕ್ಕಳಿಗೆ ಸಂಜಿ ಮಿರ್ಚಿ ಭಜಿ ಗಿರ್ಮಿಟ್ ರೊಕ್ಕ ಒಂದ ಡಬ್ಬ್ಯಾಗ ಹಾಕಸ್ತೀವಿ, ಈಸ್ಟರ್ ಹಿಂದಿನ ವಾರ ಅದನ್ನ ತಗದು ಯಾರಿಗೆ ಕೊಡೂದು ಅಂತ ಅವರ ನಿರ್ಧಾರ ಮಾಡ್ತಾರ, ಕೊಟ್ಟದ್ದನ್ನ ವಾಟ್ಸಾಪ್ ಸ್ಟೇಟಸ್‌ಗೆ ಹಾಕಬಾರದು ಅನ್ನೂ ಕಂಡೀಶನ್ ನಂದು.

ಇನ್ನ ದೊಡ್ಡ ಹುಡುಗ್ರು "ನಾ ಬರಂಗಿಲ್ಲ, ನೀವ ಮಾಡ್ಕೋರಿ" ಅಂದ್ರ? ನಮ್ಮಕ್ಕನ ಮಗ ಹಂಗ ಅಂದಿದ್ದ, ಹದಿನೈದು ವರ್ಷದವ. ಅಕ್ಕ ಹೊಡೀಲಿಲ್ಲ ಬಡೀಲಿಲ್ಲ, ಚಾಪಿ ಮ್ಯಾಲೆ ಅವನ ಜಾಗಾ ಖಾಲಿ ಬಿಟ್ಟು ದಿನಾ ಅವನ ಹೆಸರು ಹಿಡಿದು ಒಂದ ನಮೋ ಮರಿಯಾ ಹೇಳ್ತಾಳ. ಅವ ಇನ್ನೂ ಬಂದು ಕುಂತಿಲ್ಲ. ಪ್ರಾರ್ಥನೆ ಶುರು ಆದಾಗ ಹಾಡು ಸಣ್ಣಗ ಮಾಡ್ತಾನಂತ, ಅಷ್ಟ.