ಅಂಗಡಿಗೆ ಹೊರಡುವ ಮುಂಚೆ ಡಬ್ಬ ತೆರೆದು ನೋಡಿ: ಕಡಿಮೆ ದುಡ್ಡಿನಲ್ಲಿ ವಾರವಿಡೀ ಊಟ

ವಾರದ ಸಾಮಾನಿಗೆಂದು ಎತ್ತಿಟ್ಟ ದುಡ್ಡು ಐದನೆಯ ದಿನಕ್ಕೇ ಮುಗಿದುಹೋಗುತ್ತದೆ. ಆರನೆಯ ದಿನ ಮನೆಯಲ್ಲಿ ಅಕ್ಕಿ ಇರುತ್ತದೆ, ಅದರ ಜೊತೆಗೆ ಬಡಿಸಲು ಏನೂ ಇರುವುದಿಲ್ಲ. ಫ್ರಿಜ್ಜಿನ ತಳ ತಡಕಿದರೆ ಕೊಳೆತ ಸೊಪ್ಪಿನ ಕಟ್ಟೊಂದು ಸಿಗುತ್ತದೆ. ಆ ಸೊಪ್ಪಿಗೆ ಕೊಟ್ಟ ದುಡ್ಡೇ ಈವತ್ತು ಕೈಯಲ್ಲಿರಬೇಕಾಗಿದ್ದ ದುಡ್ಡು. ಇಷ್ಟು ವರ್ಷ ಮನೆ ನಡೆಸಿ ನನಗೆ ಖಚಿತವಾದದ್ದು ಇದು: ಚೌಕಾಸಿ ಮಾಡಿ ಉಳಿಸುವುದಕ್ಕಿಂತ, ತಂದದ್ದನ್ನು ಕೆಡದಂತೆ ತಿಂದು ಮುಗಿಸುವುದರಲ್ಲಿ ಹೆಚ್ಚು ಉಳಿಯುತ್ತದೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ, 2022ರಲ್ಲಿ ಜಗತ್ತಿನ ಅಂಗಡಿ, ಹೋಟೆಲು ಮತ್ತು ಮನೆಗಳಲ್ಲಿ ಪೋಲಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ 60ರಷ್ಟು ಹೋದದ್ದು ಮನೆಗಳಿಂದಲೇ. ಕೈ ಬಿಗಿಯಿರುವ ಮನೆಯಲ್ಲಿ ಯಾರೂ ಬೇಕೆಂದು ಎಸೆಯುವುದಿಲ್ಲ. ಆದರೂ ಹೋಗುತ್ತದೆ. ಎಲ್ಲಿ ಸೋರುತ್ತಿದೆ ಎಂದು ಹುಡುಕಿ ಅಲ್ಲಿ ಕೈಯಿಡುವ ಕ್ರಮವನ್ನು ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಮನೆಯಲ್ಲಿ ಏನಿದೆ ನೋಡಿ

ಅಂಗಡಿಗೆ ಹೋಗುವ ಹಿಂದಿನ ಸಂಜೆ ಎಲ್ಲ ಡಬ್ಬಗಳ ಮುಚ್ಚಳ ತೆಗೆಯಿರಿ. ನೆನಪಿನಿಂದ ಚೀಟಿ ಬರೆಯಬೇಡಿ. ಇದ್ದ ಬೇಳೆಯನ್ನೇ ಮತ್ತೆ ತರುವುದು, ಇಲ್ಲದ ಎಣ್ಣೆಯನ್ನು ಮರೆತು ಬರುವುದು, ಎರಡೂ ನೆನಪನ್ನು ನಂಬಿದ್ದರಿಂದ ಆಗುವಂಥವು. ಒಂದು ಕಾಗದದಲ್ಲಿ ಎರಡು ಸಾಲು ಮಾಡಿ. ಒಂದರಲ್ಲಿ ಎರಡು ಮೂರು ದಿನದಲ್ಲಿ ಕೆಡುವಂಥದ್ದು: ಅರ್ಧ ಎಲೆಕೋಸು, ಬಾಡುತ್ತಿರುವ ಕ್ಯಾರೆಟ್, ಮೆತ್ತಗಾದ ಟೊಮೆಟೊ. ಇನ್ನೊಂದರಲ್ಲಿ ಇನ್ನೂ ಇರುವಂಥದ್ದು: ಅರ್ಧ ಡಬ್ಬ ಕಾಳು, ಒಂದಿಷ್ಟು ಹಿಟ್ಟು, ಆರು ಆಲೂಗಡ್ಡೆ.

ಈ ಎರಡು ಸಾಲಿನಿಂದಲೇ ಎರಡು ಮೂರು ಹೊತ್ತಿನ ಅಡುಗೆ ಕಟ್ಟಲು ನೋಡಿ. ಬಹಳಷ್ಟು ಮನೆಗಳಲ್ಲಿ ಅಷ್ಟು ಇದ್ದೇ ಇರುತ್ತದೆ. ಬಿಡಿಬಿಡಿಯಾಗಿ ಮೂಲೆಯಲ್ಲಿರುವುದರಿಂದ ಊಟವೆಂದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಹೆಜ್ಜೆ 2: ದುಡ್ಡನ್ನು ಮೂರು ಪಾಲು ಮಾಡಿ

ವಾರಕ್ಕೆ ಇಟ್ಟ ಹಣವನ್ನು ನೂರು ಭಾಗ ಎಂದುಕೊಳ್ಳಿ. ಸುಮಾರು 60 ಭಾಗ ಹೊಟ್ಟೆ ತುಂಬಿಸುವ ಗಟ್ಟಿ ಸಾಮಾನಿಗೆ, ಅಂದರೆ ಧಾನ್ಯ, ಬೇಳೆಕಾಳು, ಎಣ್ಣೆ, ಹಾಲು, ಮೊಟ್ಟೆಗೆ. 30 ಭಾಗ ತರಕಾರಿ, ಹಣ್ಣಿಗೆ. ಉಳಿದ 10 ಭಾಗವನ್ನು ಮುಟ್ಟದೆ ಬೇರೆ ಲಕೋಟೆಯಲ್ಲಿಡಿ. ಇದು ಕಲ್ಲಿನಲ್ಲಿ ಕೊರೆದ ಲೆಕ್ಕವಲ್ಲ. ಚಿಕ್ಕ ಮಗುವಿರುವ ಮನೆಯಲ್ಲಿ ಹಾಲಿನ ಪಾಲು ಹಿಗ್ಗುತ್ತದೆ, ಬೇರೊಂದು ಕುಗ್ಗುತ್ತದೆ.

ತರಕಾರಿಯ ದುಡ್ಡನ್ನು ಒಂದೇ ದಿನ ಖರ್ಚು ಮಾಡಬೇಡಿ. ಅರ್ಧ ಈಗ, ಇನ್ನರ್ಧ ನಾಲ್ಕನೆಯ ದಿನಕ್ಕೆ. ಮೊದಲು ಹೇಳಿದ ಕೊಳೆತ ಸೊಪ್ಪಿನ ಕಟ್ಟಿಗೆ ಇದೊಂದೇ ಬದಲಾವಣೆ ಸಾಕು.

ಆ ಹತ್ತು ಭಾಗದ ಲಕೋಟೆಯನ್ನು ಕಷ್ಟಕಾಲದ ನಿಧಿ ಎಂದು ಮಾತ್ರ ನೋಡಬೇಡಿ. ಬಡವರಿಗೆ ಸಾಮಾನು ದುಬಾರಿಯಾಗುವುದೇ ಚಿಕ್ಕ ಪೊಟ್ಟಣ ಕೊಳ್ಳಬೇಕಾಗಿ ಬರುವುದರಿಂದ. ದೊಡ್ಡ ಚೀಲಕ್ಕೆ ಒಮ್ಮೆಲೇ ಕೊಡಲು ಹಣ ಇರುವುದಿಲ್ಲ. ನಾಲ್ಕೈದು ವಾರದ ಲಕೋಟೆ ಕೂಡಿದರೆ ಒಂದು ದೊಡ್ಡ ಚೀಲ ಅಕ್ಕಿಯೋ ಹಿಟ್ಟೋ ಬರುತ್ತದೆ. ಮುಂದಿನ ವಾರಗಳಲ್ಲಿ ಅದರ ಖರ್ಚು ಇಳಿಯುತ್ತದೆ, ಲಕೋಟೆ ಇನ್ನೂ ಬೇಗ ತುಂಬುತ್ತದೆ. ಒಮ್ಮೆ ಹೀಗೆ ಒಂದು ಹೆಜ್ಜೆ ಮುಂದೆ ಸಿಕ್ಕಿಬಿಟ್ಟರೆ ಉಸಿರು ಬಿಡಲು ಜಾಗ ಸಿಗುತ್ತದೆ.

ಹೆಜ್ಜೆ 3: ಚೀಟಿಯಲ್ಲಿ ಪ್ರೋಟೀನ್ ಮೊದಲು ಬರೆಯಿರಿ

ದುಡ್ಡು ಕಡಿಮೆಯಾದಾಗ ಮನೆಗಳು ಮೊದಲು ಕತ್ತರಿಸುವುದು ಬೇಳೆ, ಮೊಟ್ಟೆ, ಹಾಲನ್ನು. ಅನ್ನವೋ ಬ್ರೆಡ್ಡೋ ಹೊಟ್ಟೆ ತುಂಬಿಸುತ್ತದೆ, ಹಾಗಾಗಿ ಕೊರತೆ ಕಾಣುವುದಿಲ್ಲ. ಬೆಳೆಯುವ ಮಕ್ಕಳ ಮೈಗೆ ಮಾತ್ರ ಅದು ಗೊತ್ತಾಗುತ್ತದೆ. ಇಲ್ಲಿ ಕತ್ತರಿ ಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಆದ್ದರಿಂದ ಈ ಹೆಜ್ಜೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿರುವ ಅಳತೆ. 60 ಕಿಲೋ ತೂಗುವವರಿಗೆ ಹತ್ತಿರ ಹತ್ತಿರ 50 ಗ್ರಾಂ. ಮಕ್ಕಳಿಗೆ, ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಈ ಅಳತೆ ಇನ್ನೂ ಹೆಚ್ಚು. ಈಗ ಅಡುಗೆಮನೆಯ ಲೆಕ್ಕ ನೋಡಿ. 100 ಗ್ರಾಂ ಒಣ ಬೇಳೆ ಅಥವಾ ಕಾಳಿನಲ್ಲಿ 20ರಿಂದ 25 ಗ್ರಾಂ ಪ್ರೋಟೀನ್ ಇದೆ. ಕಡಲೆಕಾಯಿ ಬೀಜದಲ್ಲಿ ಸುಮಾರು 25, ಸೋಯಾ ಕಾಳಿನಲ್ಲಿ ಸುಮಾರು 36. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7 ಗ್ರಾಂ. ಅಕ್ಕಿಯಲ್ಲೂ 100 ಗ್ರಾಮಿಗೆ 7ರಷ್ಟು, ಗೋಧಿಹಿಟ್ಟಿನಲ್ಲಿ 11ರಷ್ಟು ಇದೆ.

ನಿಮ್ಮ ಅಂಗಡಿಯ ದರದಲ್ಲಿ ಒಮ್ಮೆ ಕೂತು ಲೆಕ್ಕ ಹಾಕಿ: 20 ಗ್ರಾಂ ಪ್ರೋಟೀನಿಗೆ ಬೇಳೆಯಲ್ಲಿ ಎಷ್ಟು ಕೊಡುತ್ತೀರಿ, ಮೊಟ್ಟೆಯಲ್ಲಿ ಎಷ್ಟು, ಮಾಂಸದಲ್ಲಿ ಎಷ್ಟು? ಮಾಂಸ ತರುವವರು ಮೂಳೆಯ ತೂಕವನ್ನು ಕಳೆದು ಲೆಕ್ಕ ಹಾಕಬೇಕು. ಒಣ ಕಾಳು ಸಾಮಾನ್ಯವಾಗಿ ಎಲ್ಲಕ್ಕಿಂತ ಅಗ್ಗವಾಗಿ ನಿಲ್ಲುತ್ತದೆ, ಮೊಟ್ಟೆ ಅದರ ಹಿಂದೆಯೇ ಬರುತ್ತದೆ. ತಲೆಗೆ ದಿನಕ್ಕೆ 50ರಿಂದ 60 ಗ್ರಾಂ ಒಣ ಬೇಳೆಕಾಳು ಎಂದು ಹಿಡಿದರೆ ನಾಲ್ಕು ಜನರ ಮನೆಗೆ ವಾರಕ್ಕೆ ಒಂದೂವರೆ ಕಿಲೋ ಬೇಕು. ಬೆಂದ ಮೇಲೆ ಅದು ಎರಡೂವರೆ ಪಟ್ಟು ತೂಗುತ್ತದೆ.

ಧಾನ್ಯವನ್ನೂ ಕಾಳನ್ನೂ ಜೊತೆಯಾಗಿ ತಿನ್ನುವುದಕ್ಕೆ ಕಾರಣವಿದೆ. ಪ್ರೋಟೀನ್ ಕಟ್ಟಲ್ಪಟ್ಟಿರುವುದು ಅಮೈನೋ ಆಮ್ಲ ಎಂಬ ಘಟಕಗಳಿಂದ. ಅವುಗಳಲ್ಲಿ ದೇಹ ತಾನೇ ತಯಾರಿಸಿಕೊಳ್ಳಲಾಗದಂಥವು ಕೆಲವು. ಅಂಥದ್ದರಲ್ಲಿ ಲೈಸಿನ್ ಧಾನ್ಯದಲ್ಲಿ ಕಡಿಮೆ, ಕಾಳಿನಲ್ಲಿ ಧಾರಾಳ. ಮೆಥಿಯೊನಿನ್ ಕಾಳಿನಲ್ಲಿ ಕಡಿಮೆ, ಧಾನ್ಯದಲ್ಲಿ ಅದಕ್ಕಿಂತ ಚೆನ್ನಾಗಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ತಟ್ಟೆಯಲ್ಲಿ ಇರಲೇಬೇಕೆಂದಿಲ್ಲ, ಒಂದೇ ದಿನದಲ್ಲಿ ಬಂದರೂ ಸಾಕು.

ಕಬ್ಬಿಣಾಂಶದ ಬಗ್ಗೆಯೂ ಒಂದು ಮಾತು. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರುವುದಿಲ್ಲ. ಜೊತೆಗೆ ನಿಂಬೆರಸವೋ ಹಸಿ ಟೊಮೆಟೊವೋ ಇದ್ದರೆ ಅದರ ವಿಟಮಿನ್ ಸಿ ನೆರವಾಗುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಹೀರುವುದು ಇನ್ನೂ ಕಡಿಮೆಯಾಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಹೆಜ್ಜೆ 4: ಕೆಡುವ ಕ್ರಮದಲ್ಲಿ ಅಡುಗೆ ಹಾಕಿಕೊಳ್ಳಿ

ಏಳು ದಿನಕ್ಕೆ ಇಪ್ಪತ್ತೊಂದು ಅಡುಗೆ ಬರೆದಿಡಲು ಹೋಗಬೇಡಿ. ನಾನು ಹಾಗೆ ಮಾಡಿದ ವಾರಗಳಲ್ಲಿ ಮೂರನೆಯ ದಿನಕ್ಕೇ ಪಟ್ಟಿ ತಪ್ಪಿತ್ತು. ಐದು ರಾತ್ರಿಯ ಊಟ ಬರೆದರೆ ಸಾಕು. ಉಳಿದೆರಡು ರಾತ್ರಿ ಮಿಕ್ಕಿದ್ದಕ್ಕೆ ಬಿಡಿ.

ಕ್ರಮ ಇಷ್ಟೆ. ಮೊದಲೆರಡು ದಿನ ಸೊಪ್ಪು, ಅಣಬೆ, ಹಣ್ಣಾದ ಟೊಮೆಟೊ. ಮೂರು, ನಾಲ್ಕನೆಯ ದಿನ ಬೀನ್ಸ್, ಹೂಕೋಸು, ಬದನೆ. ಕೊನೆಗೆ ಎಲೆಕೋಸು, ಕ್ಯಾರೆಟ್, ಕುಂಬಳ, ಆಲೂಗಡ್ಡೆ, ಈರುಳ್ಳಿ. ವಾರದ ಕೊನೆಯ ದಿನ ಪೂರ್ತಿ ಡಬ್ಬದ ಅಡುಗೆಯೇ ಆಗಲಿ, ಕಾಳು ಮತ್ತು ಧಾನ್ಯದ್ದು. ಒಂದೇ ತರಕಾರಿ ಎರಡು ಅಡುಗೆಗೆ ಬರುವ ಹಾಗೆ ಹೊಂದಿಸಿ, ಆಗ ಅರ್ಧ ಉಳಿದ ಎಲೆಕೋಸು ಮೂಲೆ ಸೇರುವುದಿಲ್ಲ.

ಹೆಜ್ಜೆ 5: ಅಂಗಡಿಯಲ್ಲಿ

ಹೊಟ್ಟೆ ತುಂಬಿಸಿಕೊಂಡು ಹೋಗಿ, ಚೀಟಿ ಹಿಡಿದು ಹೋಗಿ. ಪೊಟ್ಟಣದ ಮೇಲಿನ ಬೆಲೆಯನ್ನಷ್ಟೇ ನೋಡದೆ, 100 ಗ್ರಾಮಿಗೆ ಎಷ್ಟು ಬೀಳುತ್ತದೆ ಎಂದು ಮೊಬೈಲಿನಲ್ಲಿ ಭಾಗಿಸಿ ನೋಡಿ. ಬೆಲೆ ಅಷ್ಟೇ ಇಟ್ಟು ಒಳಗಿನ ತೂಕ ಇಳಿಸುವ ಪೊಟ್ಟಣಗಳು ಎಲ್ಲೆಲ್ಲೂ ಇವೆ. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗವಲ್ಲ ಎಂಬುದೂ ಆಗ ತಿಳಿಯುತ್ತದೆ. ‘ಎರಡು ಕೊಂಡರೆ ಒಂದು ಉಚಿತ’ ಎಂಬ ಫಲಕ ಕಂಡಾಗ, ಆ ಮೂರನ್ನೂ ಕೆಡುವ ಮೊದಲು ತಿನ್ನುತ್ತೇವೆಯೇ ಎಂದು ಕೇಳಿಕೊಳ್ಳಿ.

ತರಕಾರಿಯಲ್ಲಿ ತಿನ್ನುವ ಭಾಗದ ಬೆಲೆ ಮುಖ್ಯ. ಸಿಪ್ಪೆ ಸಮೇತ ತೂಗುವ ಹಸಿ ಬಟಾಣಿಯಲ್ಲಿ ಹತ್ತಿರ ಹತ್ತಿರ ಅರ್ಧ ತೂಕ ಸಿಪ್ಪೆಯದ್ದು. ಫ್ರೋಜನ್ ಬಟಾಣಿ ಅಗ್ಗಕ್ಕೆ ಸಿಕ್ಕಿದರೆ ಹಿಂಜರಿಯಬೇಡಿ. ಕಿತ್ತ ಕೂಡಲೇ ಹೆಪ್ಪುಗಟ್ಟಿಸುವುದರಿಂದ ಅದರ ಪೋಷಕಾಂಶ ಬಹುಪಾಲು ಉಳಿದಿರುತ್ತದೆ. ಹೆಚ್ಚಿಟ್ಟ ತರಕಾರಿ, ತೊಳೆದಿಟ್ಟ ಸೊಪ್ಪಿಗೆ ಕೊಡುವ ಹೆಚ್ಚಿನ ದುಡ್ಡು ಕೂಲಿಯ ದುಡ್ಡು. ಕೈಲಾಗದವರು ಕೊಳ್ಳಲಿ, ಉಳಿದವರಿಗೆ ಬೇಡ.

ಹೆಜ್ಜೆ 6: ತಂದದ್ದನ್ನು ಕಾಪಾಡಿ

ಚೀಲ ಕೆಳಗಿಟ್ಟ ಮೊದಲ ಅರ್ಧ ಗಂಟೆಯಲ್ಲೇ ಆ ವಾರ ಎಷ್ಟು ಉಳಿಯುತ್ತದೆ ಎಂಬುದು ನಿರ್ಧಾರವಾಗುತ್ತದೆ. ಆಲೂಗಡ್ಡೆ, ಈರುಳ್ಳಿಯನ್ನು ಒಂದೇ ಬುಟ್ಟಿಗೆ ಹಾಕಬೇಡಿ, ಎರಡೂ ಬೇಗ ಕೆಡುತ್ತವೆ. ಆಲೂಗಡ್ಡೆಗೆ ಕತ್ತಲು ಬೇಕು. ಬೆಳಕಿಗೆ ಹಸಿರಾದ ಭಾಗದಲ್ಲಿ ಸೋಲನಿನ್ ಎಂಬ ವಿಷ ಸೇರಿರುತ್ತದೆ. ಬಾಳೆಹಣ್ಣು, ಸೇಬು, ಟೊಮೆಟೊ ಹಣ್ಣಾಗುವಾಗ ಎಥಿಲೀನ್ ಅನಿಲ ಬಿಡುತ್ತವೆ, ಪಕ್ಕದಲ್ಲಿರುವ ಸೊಪ್ಪು ಅದರಿಂದ ಬೇಗ ಹಳದಿಯಾಗುತ್ತದೆ. ಕ್ಯಾರೆಟ್, ಮೂಲಂಗಿಯ ಎಲೆಯನ್ನು ಕತ್ತರಿಸಿ ಬೇರೆಯಿಡಿ, ಇಲ್ಲದಿದ್ದರೆ ಎಲೆ ಗಡ್ಡೆಯ ನೀರನ್ನು ಎಳೆದು ಮೆತ್ತಗಾಗಿಸುತ್ತದೆ. ಮೂಲಂಗಿ ಎಲೆಯನ್ನು ಅವತ್ತೇ ಬೇಯಿಸಿ ತಿನ್ನಬಹುದು. ಸೊಪ್ಪನ್ನು ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿಡಿ. ಹೊಸ ಅಕ್ಕಿಯನ್ನು ಹಳೆಯದರ ಮೇಲೆ ಸುರಿಯಬೇಡಿ, ಹಳೆಯದು ಮುಗಿಯಲಿ.

ಹೆಜ್ಜೆ 7: ಒಮ್ಮೆ ಬೇಯಿಸಿ, ಎರಡು ಹೊತ್ತಿಗೆ ಬಳಸಿ

ಕಾಳನ್ನು ಎಂಟು ಗಂಟೆಗೆ ಕಡಿಮೆಯಿಲ್ಲದೆ ನೆನೆಹಾಕಿದರೆ ಗ್ಯಾಸು ಉಳಿಯುತ್ತದೆ. ಟೊಮೆಟೊ, ಹುಳಿಯನ್ನು ಬೆಂದ ಮೇಲೆಯೇ ಹಾಕಿ, ಮೊದಲೇ ಹಾಕಿದರೆ ಕಾಳು ಮೆತ್ತಗಾಗಲು ತಡವಾಗುತ್ತದೆ. ಕೆಂಪು ರಾಜ್ಮಾ ವಿಷಯದಲ್ಲಿ ಎಚ್ಚರ: ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವ ತನಕ ಬೇಯಿಸಿ. ಅರೆಬೆಂದರೆ ಅದರಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ವಾಂತಿ ಭೇದಿ ತರುತ್ತದೆ.

ಎರಡು ಹೊತ್ತಿಗಾಗುವಷ್ಟು ಕಾಳು ಒಮ್ಮೆಲೇ ಬೇಯಿಸಿ, ಅರ್ಧವನ್ನು ಒಗ್ಗರಣೆಗೆ ಮೊದಲೇ ತೆಗೆದಿಡಿ. ಮಾರನೆಯ ದಿನ ಅದೇ ಕಾಳು ಬೇರೆ ರುಚಿಯ ಅಡುಗೆಯಾಗುತ್ತದೆ, ‘ನಿನ್ನೆಯದೇ’ ಎಂದು ಮಕ್ಕಳು ಮುಖ ತಿರುಗಿಸುವುದಿಲ್ಲ.

ಮಿಕ್ಕಿದ್ದನ್ನು ಉಳಿಸುವ ಭರದಲ್ಲಿ ಕಾಯಿಲೆ ತಂದುಕೊಳ್ಳಬಾರದು, ಒಂದು ದಿನದ ಔಷಧಿಯ ಖರ್ಚು ಒಂದು ವಾರದ ಉಳಿತಾಯವನ್ನು ನುಂಗುತ್ತದೆ. ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಡಬೇಕು, ತಿನ್ನುವಾಗ ಒಳಗಿನವರೆಗೂ 70 ಡಿಗ್ರಿ ದಾಟುವಂತೆ ಬಿಸಿ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅನ್ನಕ್ಕಂತೂ ಇದು ಇನ್ನೂ ಮುಖ್ಯ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಕುದಿಸಿದರೂ ಸಾಯದೆ, ಬೆಚ್ಚಗೆ ಬಿಟ್ಟ ಅನ್ನದಲ್ಲಿ ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಅಗಲ ಪಾತ್ರೆಯಲ್ಲಿ ಹರವಿ ಬೇಗ ತಣಿಸಿ ಫ್ರಿಜ್ಜಿಗಿಡಿ, ಮರುದಿನವೇ ಮುಗಿಸಿ. ಫ್ರಿಜ್ ಇಲ್ಲದ ಮನೆಯವರು ಆ ಹೊತ್ತಿಗೆ ಬೇಕಾದಷ್ಟನ್ನೇ ಅಳೆದು ಬೇಯಿಸುವುದೇ ಸರಿ.

ಹೆಜ್ಜೆ 8: ಬಡಿಸುವ ಮೊದಲು ಪಾಲು ಮಾಡಿ

ಕೈ ಬಿಗಿಯಾದಾಗ ಸದ್ದಿಲ್ಲದೆ ಕಡಿಮೆ ಉಣ್ಣುವವರು ಅಡುಗೆ ಮಾಡುವವರೇ. ‘ನನಗೆ ಹಸಿವಿಲ್ಲ’ ಎಂದು ಪಾತ್ರೆ ಬಳಿದದ್ದನ್ನು ತಿಂದು ಏಳುತ್ತಾರೆ. ಇದನ್ನು ತ್ಯಾಗ ಎಂದು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಮನೆಯನ್ನು ಹೊತ್ತವರ ಮೈಯಲ್ಲಿ ಶಕ್ತಿ ಇರಬೇಕು. ಅಡುಗೆಯಾದ ಕೂಡಲೇ, ಯಾರೂ ಕೂರುವ ಮೊದಲೇ, ಎಲ್ಲರ ತಟ್ಟೆಗೂ ಬೇಳೆ ಮತ್ತು ಮೊಟ್ಟೆಯ ಪಾಲು ಹಾಕಿಡಿ, ನಿಮ್ಮದನ್ನೂ ಸೇರಿಸಿ. ಎರಡನೆಯ ಸಲ ಬಡಿಸುವುದು ಆಮೇಲಿನ ಮಾತು. ಮಕ್ಕಳಿಗೆ ಮೊದಲು ಚೂರು ಕಡಿಮೆಯೇ ಬಡಿಸಿ. ಬೇಕೆಂದರೆ ಮತ್ತೆ ಹಾಕಬಹುದು, ತಟ್ಟೆಯಲ್ಲಿ ಕಲಸಿ ಬಿಟ್ಟದ್ದು ಯಾರಿಗೂ ಆಗದು.

ಇಷ್ಟು ಮಾಡಿಯೂ ಸಾಲದಿದ್ದರೆ

ಲೆಕ್ಕ ಎಷ್ಟು ಚೊಕ್ಕವಾಗಿದ್ದರೂ ಇಲ್ಲದ ದುಡ್ಡು ಹುಟ್ಟುವುದಿಲ್ಲ. ಅಂಥ ವಾರದಲ್ಲಿ ತಪ್ಪು ನಿಮ್ಮದಲ್ಲ. ಮೊದಲು ತಿಂಡಿ ಪೊಟ್ಟಣ, ತಂಪು ಪಾನೀಯ, ಬಿಸ್ಕತ್ತು ಬಿಡಿ. ಆಮೇಲೆ ದುಬಾರಿ ಹಣ್ಣು ತರಕಾರಿಯ ಬದಲು ಆ ಕಾಲದಲ್ಲಿ ಹೇರಳವಾಗಿ ಬಂದದ್ದನ್ನು ತನ್ನಿ. ಬೇಳೆಯನ್ನು ಕೊನೆಯವರೆಗೂ ಬಿಡಬೇಡಿ. ಪುಟ್ಟ ಮಗುವಿನ ಪುಡಿಹಾಲಿಗೆ ಹೆಚ್ಚು ನೀರು ಬೆರೆಸಿ ದಿನ ದೂಡುವುದು ಮಾತ್ರ ಯಾವ ಕಾರಣಕ್ಕೂ ಬೇಡ, ಅದು ಮಗುವಿನ ಜೀವಕ್ಕೇ ಅಪಾಯ. ಆರೋಗ್ಯ ಕೇಂದ್ರದವರನ್ನು ಕೇಳಿ. ಶಾಲೆಯಲ್ಲಿ ಊಟ ಕೊಡುತ್ತಿದ್ದರೆ, ಸರ್ಕಾರದ ಆಹಾರ ನೆರವು ನಿಮಗೆ ಸಿಗುವಂತಿದ್ದರೆ, ನಾಚಿಕೊಳ್ಳದೆ ತೆಗೆದುಕೊಳ್ಳಿ. ಅದು ಹಸಿದವರಿಗೆಂದೇ ಇರುವುದು.

ಹೆಜ್ಜೆ 9: ಎಸೆದದ್ದನ್ನು ಬರೆದಿಡಿ

ಖರ್ಚು ಬರೆಯುವ ಅಭ್ಯಾಸ ಹಲವರಿಗೆ ಇದೆ. ಎಸೆದದ್ದನ್ನು ಬರೆಯುವವರು ಕಡಿಮೆ. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಕಸದ ಬುಟ್ಟಿಗೆ ಹೋದ ತಿನ್ನುವ ಪದಾರ್ಥವನ್ನೆಲ್ಲ ಅಲ್ಲಿ ಬರೆಯಿರಿ: ಅರ್ಧ ಲೋಟ ಹಾಲು, ಎರಡು ಚಪಾತಿ, ನಾಲ್ಕು ಬೀನ್ಸ್. ಯಾರು ಎಸೆದರು ಎಂದು ಬರೆಯುವುದು ಬೇಡ, ಜಗಳಕ್ಕೆ ದಾರಿ. ಮೂರು ವಾರ ಬರೆದರೆ ಒಂದೇ ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ. ನಮ್ಮ ಮನೆಯಲ್ಲಿ ಅದು ಬ್ರೆಡ್ಡಿನ ಕೊನೆಯ ಹೋಳುಗಳಾಗಿತ್ತು. ಈಗ ಪೊಟ್ಟಣ ಒಡೆದ ದಿನವೇ ಅರ್ಧವನ್ನು ಫ್ರೀಜರಿಗೆ ಹಾಕುತ್ತೇವೆ. ನಿಮ್ಮ ಚೀಟಿಯಲ್ಲಿ ಕಂಡ ಹೆಸರನ್ನು ಮುಂದಿನ ವಾರದ ಪಟ್ಟಿಯಲ್ಲಿ ಅರ್ಧಕ್ಕೆ ಇಳಿಸಿ, ಉಳಿದ ದುಡ್ಡನ್ನು ಲಕೋಟೆಗೆ ಸೇರಿಸಿ.