“ಫಾರ್ಮ್ಯಾಟ್ ಮಾಡಿಕೊಡು” ಎನ್ನುವ ಮೊದಲು

ವಿಜಯಪುರದ ನನ್ನ ರಿಪೇರಿ ಅಂಗಡಿಗೆ ಕಳೆದ ಏಪ್ರಿಲ್‌ನಲ್ಲಿ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ಸಿಪಿಯು ಹೊತ್ತು ತಂದರು. ಲೆಕ್ಕದ ಫೈಲು ತೆರೆಯಲು ಹತ್ತು ನಿಮಿಷ, ನಡುನಡುವೆ ನೀಲಿ ಪರದೆ. “ಫಾರ್ಮ್ಯಾಟ್ ಮಾಡಿಕೊಡು ತಮ್ಮಾ” ಎಂದರು, ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡು ಎಂದು. “ಕಾಕಾ, ಲೆಕ್ಕದ ಇನ್ನೊಂದು ಪ್ರತಿ ಎಲ್ಲಿದೆ?” ಎಂದು ಕೇಳಿದೆ. ಅವರು ಸಿಪಿಯುವನ್ನೇ ತೋರಿಸಿದರು.

ಇಂಥ ಯಂತ್ರ ಮುಂದಿದ್ದಾಗ ಫಾರ್ಮ್ಯಾಟ್ ಹಾಗಿರಲಿ, ಡಿಸ್ಕಿನ ದೋಷ ಹುಡುಕಿ ತಿದ್ದುವ ವಿಂಡೋಸಿನ ಚೆಕ್‌ಡಿಸ್ಕ್ ಕೂಡ ಓಡಿಸಬೇಡಿ. ಕೊನೆಯುಸಿರಿನಲ್ಲಿರುವ ಡಿಸ್ಕನ್ನು ಅದು ತಿದ್ದಲು ಹೋಗಿ ಉಳಿದ ಫೈಲುಗಳನ್ನೂ ಕಳೆಯಬಹುದು. ಮೊದಲು ಕಿವಿಗೊಡಿ. ಟಕ್, ಟಕ್ ಎಂದು ಒಂದೇ ಸಮನೆ ಬಡಿಯುತ್ತಿದ್ದರೆ ತಕ್ಷಣ ಕರೆಂಟು ತೆಗೆಯಿರಿ. ಅದು ಡೇಟಾ ರಿಕವರಿ ಲ್ಯಾಬಿನ ಕೆಲಸ. ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ಆ ಸದ್ದಿಲ್ಲವಾದರೆ ನಕಲು ತೆಗೆಯಲು ಡಿಸ್ಕನ್ನು ಬಿಚ್ಚಿ ಸುಸ್ಥಿತಿಯ ಬೇರೊಂದು ಕಂಪ್ಯೂಟರಿಗೆ ಜೋಡಿಸಿ. ಹಲವರು ಈ ಹೆಜ್ಜೆ ಬಿಡುತ್ತಾರೆ. ನಕಲಾಗುವ ಪ್ರತಿ ಅಕ್ಷರವೂ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್ ದಾಟಿಯೇ ಹೋಗಬೇಕು. ಹಳೆಯ ಯಂತ್ರದ ರ‍್ಯಾಮ್ ಕೆಟ್ಟಿದ್ದರೆ ನಕಲೂ ಸದ್ದಿಲ್ಲದೆ ಕೆಡುತ್ತದೆ. ನಕಲಿಗೆ ನಾನು ಲಿನಕ್ಸ್‌ನ ಡಿಡಿರೆಸ್ಕ್ಯೂ ಬಳಸುತ್ತೇನೆ. ಅದು ಸುಲಭವಾಗಿ ಓದಲು ಬರುವುದನ್ನು ಮೊದಲು ಎತ್ತಿಕೊಂಡು, ಹಟ ಮಾಡುವ ಜಾಗಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿಯವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ಕರೆಂಟು ಹೋಗಿ ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಈಗ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿ ನೋಡಿ, ಅದಕ್ಕೆ ವಿಂಡೋಸ್ ತಂತ್ರಾಂಶ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು. ಮೇಲೆ ದೊಡ್ಡದಾಗಿ “ಗುಡ್” ಎಂದಿದ್ದರೂ ಅದೊಂದನ್ನೇ ನಂಬಬೇಡಿ. ಹಾರ್ಡ್ ಡಿಸ್ಕಿನಲ್ಲಿ 5, 197, 198 ಎಂಬ ಸಾಲುಗಳ ಕೊನೆಯ ಅಂಕಣ ನೋಡಿ. ತಂತ್ರಾಂಶ ಅಲ್ಲಿ ಹದಿನಾರರ ಎಣಿಕೆ ತೋರಿಸುತ್ತದೆ: 20 ಎಂದಿದ್ದರೆ ಎರಡು ಹದಿನಾರು, ಅಂದರೆ 32 ಎಂದು ಓದಿಕೊಳ್ಳಿ. 5 ಎಂದರೆ ಬದಲಿ ಜಾಗಕ್ಕೆ ಸಾಗಿಸಿದ, ಡಿಸ್ಕಿನ ಚಿಕ್ಕ ಭಾಗಗಳಾದ ಸೆಕ್ಟರ್‌ಗಳು; 197 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು; 198 ಎಂದರೆ ತಪಾಸಣೆಯಲ್ಲಿ ಸರಿಪಡಿಸಲಾಗದವು. ಕಾಕಾ ಅವರ 197ರಲ್ಲಿ 20 ಇತ್ತು, ಮರುದಿನ ಇನ್ನೂ ಏರಿತ್ತು. ಏರುತ್ತಿದೆ ಎಂದರೆ ಡಿಸ್ಕ್ ಬದಲಿಸಿ. ಕೇಬಲಿನಲ್ಲಿ ಸಾಗುವಾಗಿನ ದೋಷ ಎಣಿಸುವ 199 ಮಾತ್ರ ಏರುತ್ತಿದ್ದರೆ ಡಿಸ್ಕನ್ನು ಬೈಯುವ ಮುನ್ನ ಕೇಬಲ್ ಬದಲಿಸಿ.

ಎಸ್‌ಎಸ್‌ಡಿಗೆ ಸದ್ದೇ ಇಲ್ಲ; ತಿರುಗುವ ತಟ್ಟೆಯಿಲ್ಲದ, ಚಿಪ್ಪುಗಳ ಡಿಸ್ಕ್ ಅದು. ಎಷ್ಟೋ ಸಲ ಮುನ್ಸೂಚನೆಯಿಲ್ಲದೆ ಮಾಯವಾಗುತ್ತದೆ. ಬ್ಯಾಕಪ್ ಒಂದೇ ಗತಿ.

ಇನ್ನು ರ‍್ಯಾಮ್. ಪ್ರತಿ ಸಲ ಅದೇ ಫೈಲಿನಲ್ಲಿ ಸಿಕ್ಕಿಕೊಂಡರೆ ಡಿಸ್ಕಿನ ಮೇಲೆ ಅನುಮಾನ; ಪ್ರತಿ ಸಲ ಬೇರೆ ಬೇರೆ ಕಡೆ, ಬೇರೆ ಬೇರೆ ದೋಷವಾದರೆ ರ‍್ಯಾಮಿನ ಮೇಲೆ. ಪ್ಲಗ್ ಕಿತ್ತು, ಡಬ್ಬಿಯ ಲೋಹ ಮುಟ್ಟಿ, ರ‍್ಯಾಮನ್ನು ತೆಗೆದು ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ನಮ್ಮೂರಿನ ಧೂಳಿಗೆ ಎಷ್ಟೋ ಸಲ ಇಷ್ಟೇ ಮದ್ದು. ಆಮೇಲೆ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86+ ಹಚ್ಚಿ ರಾತ್ರಿಯಿಡೀ ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ದೋಷವಿದೆ ಎಂದೇ ಅರ್ಥ. ರ‍್ಯಾಮಿನ ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಅದೇ ಸ್ಲಾಟಿಗೆ ಹಾಕಿ ಪರೀಕ್ಷಿಸಿ. ಎರಡರಲ್ಲೂ ತಪ್ಪು ಬಂದರೆ ಸ್ಲಾಟನ್ನು ಬದಲಿಸಿ ನೋಡಿ.

ಕಾಕಾ ಅವರ ಒಂದು ಪಟ್ಟಿಯೂ ಕೆಟ್ಟಿತ್ತು. ಲೆಕ್ಕ ಉಳಿಯಿತು. ಹೋಗುವಾಗ, “ಹಳೆಯ ಡಿಸ್ಕನ್ನು ಸಿಸಿಟಿವಿಗೆ ಹಾಕಬಹುದಲ್ಲವೇ?” ಎಂದು ಕೇಳಿದರು. ಬೇಡವೆಂದೆ. ಆದರೂ ಚೀಲಕ್ಕೆ ಹಾಕಿಕೊಂಡೇ ಹೋದರು.