ಬಾಲನಟಿಯೊಬ್ಬರ ಪೂರ್ತಿ ಬದುಕನ್ನು ಬರೆಯುವುದು ಹೇಗೆ: ಶರ್ಲಿ ಟೆಂಪಲ್ ಉದಾಹರಣೆ

ಬರೆಯಲು ಕೂರುವ ಮುಂಚೆ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದುಕೊಳ್ಳಿ: ಇಸವಿ, ಆಗಿನ ವಯಸ್ಸು, ಆಗ ಮಾಡುತ್ತಿದ್ದ ಕೆಲಸ. ಹಾಲಿವುಡ್‌ನ ಬಾಲನಟಿ ಶರ್ಲಿ ಟೆಂಪಲ್ ಹುಟ್ಟಿದ್ದು 1928ರ ಏಪ್ರಿಲ್ 23ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ತೀರಿಕೊಂಡದ್ದು 2014ರ ಫೆಬ್ರವರಿ 10ರಂದು. ಮೊದಲ ಸಲ ಕ್ಯಾಮೆರಾ ಮುಂದೆ ನಿಂತಾಗ ವಯಸ್ಸು 3, ಫಾಕ್ಸ್ ಸ್ಟುಡಿಯೋದಿಂದ ಹೊರಬಂದಾಗ 12, ಸಿನಿಮಾ ಸಹವಾಸವೇ ಸಾಕೆಂದಾಗ 22. ಆಮೇಲೂ 63 ವರ್ಷ ಬದುಕಿದ್ದಾರೆ. ಹಾಳೆ ತುಂಬಿದ ಮೇಲೆ ಬರಹದ ಪಾಲುಪಟ್ಟಿ ತಾನಾಗಿ ಕಾಣುತ್ತದೆ. 900 ಪದಗಳ ಲೇಖನವಾದರೆ ಸಿನಿಮಾಕ್ಕೆ 300, ದುಡ್ಡಿನ ವಿಷಯಕ್ಕೆ 150, ಉಳಿದದ್ದೆಲ್ಲ 1950ರ ನಂತರದ ಬದುಕಿಗೆ. ಈ ಲೆಕ್ಕ ಮೊದಲೇ ಹಾಕಿಕೊಳ್ಳದಿದ್ದರೆ ಗುಂಗುರು ಕೂದಲು, ಟ್ಯಾಪ್ ಡಾನ್ಸ್‌ಗಳೇ ಮುಕ್ಕಾಲು ಪಾಲು ತಿಂದುಬಿಡುತ್ತವೆ. ಕೊನೆಗೆ "ಮುಂದೆ ಸಮಾಜಸೇವೆಯಲ್ಲಿ ತೊಡಗಿಸಿಕೊಂಡರು" ಎಂಬ ಒಂದು ಸಾಲು ಉಳಿಯುತ್ತದೆ. ಆ ಸಾಲು ಬರೆಯಬೇಡಿ.

ವಯಸ್ಸಿನ ಕಾಲಂ ತುಂಬುವಾಗ ಎಚ್ಚರ ಬೇಕು. ಪ್ರಚಾರಕ್ಕಾಗಿ ಅವಳ ವಯಸ್ಸಿನಲ್ಲಿ ಒಂದು ವರ್ಷ ಕಡಿಮೆ ಮಾಡಿದ್ದರು. ತನಗೆ 12 ತುಂಬಿತೆಂದುಕೊಂಡ ಹುಟ್ಟುಹಬ್ಬದ ಹೊತ್ತಿಗೆ, ಆಗಿರುವುದು 13 ಎಂಬುದು ಅವಳಿಗೆ ಗೊತ್ತಾಯಿತು. ಹಾಗಾಗಿ ಹಳೆಯ ಪತ್ರಿಕೆಯ ವಯಸ್ಸನ್ನು ಇಳಿಸಿಕೊಳ್ಳದೆ 1928ರಿಂದ ನೀವೇ ಎಣಿಸಿ. ಮಕ್ಕಳಿಗೆಂದು ಮಾಡಿಸಿದ ಪುಟ್ಟ ಆಸ್ಕರ್ ಕೈಗೆ ಬಂದಾಗ ಅವಳಿಗೆ 6. ಆ ಗೌರವ 1934ರ ಕೆಲಸಕ್ಕೆ, ಕೊಟ್ಟದ್ದು 1935ರ ಫೆಬ್ರವರಿಯಲ್ಲಿ. ಎರಡೂ ಇಸವಿ ಬರೆಯಿರಿ. ಇಲ್ಲವಾದರೆ ಓದುಗರು ತಪ್ಪು ಎತ್ತಿ ತೋರಿಸುತ್ತಾರೆ.

ಹೆಸರಿನಿಂದಲೂ ಎಡವಟ್ಟಾಗುತ್ತದೆ. 1950ರ ಡಿಸೆಂಬರ್‌ನಲ್ಲಿ ಚಾರ್ಲ್ಸ್ ಬ್ಲ್ಯಾಕ್ ಅವರನ್ನು ಮದುವೆಯಾದ ಮೇಲಿನ ಸರ್ಕಾರಿ ದಾಖಲೆಗಳಲ್ಲಿ ಇರುವುದು ಶರ್ಲಿ ಟೆಂಪಲ್ ಬ್ಲ್ಯಾಕ್. ಹಳೆಯ ಹೆಸರಿನಲ್ಲಷ್ಟೇ ಹುಡುಕಿದರೆ ಅರ್ಧ ಬದುಕು ಸಿಗುವುದೇ ಇಲ್ಲ. ನಮ್ಮಲ್ಲೂ ಹೀಗೇ: ಪುನೀತ್ ರಾಜ್‌ಕುಮಾರ್ ಅವರ ಬಾಲ್ಯದ ಚಿತ್ರಗಳ ಟೈಟಲ್ ಕಾರ್ಡ್‌ನಲ್ಲಿ ಹುಡುಕಬೇಕಾದ್ದು ಮಾಸ್ಟರ್ ಲೋಹಿತ್ ಎಂಬ ಹೆಸರನ್ನು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ: ಅವಳು ಎನ್ನಬೇಕೋ, ಅವರು ಎನ್ನಬೇಕೋ? ಆರು ವರ್ಷದ ಹುಡುಗಿಗೆ ಬಹುವಚನ ಹಚ್ಚಿದರೆ ಮಗುವೇ ಮರೆಯಾಗುತ್ತದೆ, ಮುಂದೆ ಅಮೆರಿಕದ ರಾಯಭಾರಿಯಾದವರಿಗೆ ಏಕವಚನ ಒಗ್ಗುವುದಿಲ್ಲ. 1950ನ್ನು ಗಡಿಯಾಗಿಟ್ಟುಕೊಳ್ಳಿ. ಬದಲಾವಣೆ ಹೊಸ ಪ್ಯಾರಾದಲ್ಲಿ ಆಗಲಿ. ಒಂದೇ ಪ್ಯಾರಾದೊಳಗೆ ಎರಡೂ ಬೆರೆತರೆ ಇಬ್ಬರ ಕಥೆ ಓದಿದಂತಾಗುತ್ತದೆ.

ಸಿನಿಮಾ ಭಾಗದಲ್ಲಿ ಚಿತ್ರಗಳ ಪಟ್ಟಿ ಬೇಡ. 1935ರಿಂದ 1938ರವರೆಗೆ ಸತತ ನಾಲ್ಕು ವರ್ಷ ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಅವಳೇ ಮೊದಲು ಎಂಬ ಒಂದು ಮಾತು ಸಾಕು. ಜಾಗವನ್ನು ಎರಡು ವಿವರಗಳಿಗೆ ಕೊಡಿ. ಒಂದು, ತಾಯಿ ಎಣಿಸಿ ಸುತ್ತುತ್ತಿದ್ದ 56 ಗುಂಗುರು. ಇನ್ನೊಂದು, ಮೊಟ್ಟಮೊದಲ ಕಿರುಚಿತ್ರಗಳ ಸೆಟ್‌ನಲ್ಲಿದ್ದ ಕಪ್ಪು ಪೆಟ್ಟಿಗೆ. ಹೇಳಿದ ಮಾತು ಕೇಳದ ಮಕ್ಕಳನ್ನು ಅದರೊಳಗೆ ಹಾಕಿ ಬಾಗಿಲು ಮುಚ್ಚುತ್ತಿದ್ದರು. ಕೂರಲು ಅಲ್ಲಿದ್ದದ್ದು ಮಂಜುಗಡ್ಡೆಯ ದಿಮ್ಮಿ. 1988ರ ಆತ್ಮಕಥೆಯಲ್ಲಿ ಅವರೇ ಇದನ್ನು ಬರೆದಿದ್ದಾರೆ. ಇಲ್ಲಿ "ಅಮಾನುಷ", "ಹೃದಯವಿದ್ರಾವಕ" ಎಂಬ ವಿಶೇಷಣ ಸೇರಿಸಬೇಡಿ. ಮಂಜುಗಡ್ಡೆ ಎಂದರೆ ಸಾಕು, ಓದುವವರ ಮೈ ಜುಮ್ಮೆನ್ನುತ್ತದೆ.

ದುಡ್ಡಿನ ವಿಷಯದಲ್ಲಿ ಬಹಳಷ್ಟು ಜನ ಡಾಲರನ್ನು ಇಂದಿನ ರೂಪಾಯಿಗೆ ತಿರುಗಿಸಲು ಹೋಗಿ ಕೆಡಿಸುತ್ತಾರೆ. ಅಂದಿನ ಬೆಲೆ, ಇಂದಿನ ವಿನಿಮಯ ದರ ಎರಡೂ ಸೇರಿ ಅರ್ಥವಿಲ್ಲದ ಕೋಟಿಗಳು ಹುಟ್ಟುತ್ತವೆ. ಪಾಲಿನ ಲೆಕ್ಕದಲ್ಲಿ ಹೇಳಿ. ದುಡಿದದ್ದು ಸುಮಾರು 32 ಲಕ್ಷ ಡಾಲರ್. ದೊಡ್ಡವಳಾದ ಮೇಲೆ ವಿಚಾರಿಸಿದಾಗ ಉಳಿದಿದ್ದದ್ದು ಸುಮಾರು 44 ಸಾವಿರ. ನೂರು ರೂಪಾಯಿ ದುಡಿದವಳ ಕೈಗೆ ಒಂದು ರೂಪಾಯಿ 37 ಪೈಸೆ ಬಂದಂತೆ. ಹಣ ನೋಡಿಕೊಳ್ಳುತ್ತಿದ್ದವರು ಬ್ಯಾಂಕಿನಲ್ಲಿ ಕೆಲಸ ಮಾಡಿದ್ದ ಅವಳ ತಂದೆ. ಬಾಲನಟನಾಗಿ ದುಡಿದ ಹಣಕ್ಕಾಗಿ ಜಾಕಿ ಕೂಗನ್ ತಾಯಿ ಮತ್ತು ಮಲತಂದೆಯ ಮೇಲೆ ಮೊಕದ್ದಮೆ ಹೂಡಿದ ಬಳಿಕ 1939ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಗಳಿಕೆ ಕಾಯುವ ಕಾನೂನು ಬಂದಿತ್ತು, ಆದರೆ ಅದು ಕೋರ್ಟು ಒಪ್ಪಿಗೆ ಕೊಟ್ಟ ಕರಾರುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಗಳಿಕೆಯ 15% ಮಗುವಿನ ಹೆಸರಲ್ಲಿ ಕಡ್ಡಾಯವಾಗಿ ಕೂಡಿಡಬೇಕೆಂಬ ಬಿಗಿ ಬಂದದ್ದು 2000ದಲ್ಲಿ. ನಮ್ಮ ದೇಶದ 2017ರ ನಿಯಮದಲ್ಲಿ ಕನಿಷ್ಠ 20% ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಠೇವಣಿಯಾಗಬೇಕು, ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಇದನ್ನು ಒಂದು ವಾಕ್ಯದಲ್ಲಾದರೂ ಸೇರಿಸಿ. ಮಗುವನ್ನು ಧಾರಾವಾಹಿಗೆ ಕಳಿಸುವ ಮನೆಯವರು ನಿಮ್ಮ ಓದುಗರಲ್ಲಿ ಖಂಡಿತ ಇರುತ್ತಾರೆ.

ಇನ್ನು ಎರಡನೆಯ ಅರ್ಧ. "ಹೋರಾಟಗಾರ್ತಿ" ಎಂದೊಡನೆ ನಮಗೆ ಧರಣಿ, ಘೋಷಣೆ, ಜೈಲು ನೆನಪಾಗುತ್ತವೆ. ಅವರ ದಾರಿ ಅದಲ್ಲ. ಹಣೆಪಟ್ಟಿ ಬಿಟ್ಟು ಮಾಡಿದ ಕೆಲಸ ಬರೆಯಿರಿ. ಅಣ್ಣ ಜಾರ್ಜ್‌ಗೆ ನರಗಳ ಹೊದಿಕೆಯನ್ನೇ ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂತು. ಅಲ್ಲಿಂದ ಶುರುಮಾಡಿ. ಆ ರೋಗಿಗಳಿಗಾಗಿ ದೇಶದೇಶಗಳ ಸಂಘಗಳನ್ನು ಒಂದುಗೂಡಿಸಿದ ಒಕ್ಕೂಟ 1967ರಲ್ಲಿ ಹುಟ್ಟಿತು, ಕಟ್ಟಿದವರಲ್ಲಿ ಅವರೂ ಒಬ್ಬರು. ಅದೇ ವರ್ಷ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಸ್ಪರ್ಧಿಸಿ ಸೋತರು. ವಿಯೆಟ್ನಾಂ ಯುದ್ಧವನ್ನು ಬೆಂಬಲಿಸಿದ್ದರು ಎಂಬುದನ್ನೂ ಮುಚ್ಚಿಡಬೇಡಿ. 1968ರ ಆಗಸ್ಟ್‌ನಲ್ಲಿ ಒಕ್ಕೂಟದ ಕೆಲಸಕ್ಕೆ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ಗೆ ಹೋಗಿದ್ದಾಗಲೇ ಸೋವಿಯತ್ ಟ್ಯಾಂಕುಗಳು ಊರೊಳಗೆ ನುಗ್ಗಿದವು. 1989ರಲ್ಲಿ ಅದೇ ಪ್ರಾಗ್‌ಗೆ ರಾಯಭಾರಿಯಾಗಿ ಹೋದರು, ಕಮ್ಯುನಿಸ್ಟ್ ಆಡಳಿತ ಕುಸಿದದ್ದನ್ನು ಅಲ್ಲಿದ್ದೇ ಕಂಡರು. ನಡುವೆ 1974ರಿಂದ 76ರವರೆಗೆ ಘಾನಾದಲ್ಲಿ ರಾಯಭಾರಿ. ಹುದ್ದೆಗಳಿಗೆ ಇಷ್ಟು ಸಾಕು.

ನಿಧಾನಿಸಬೇಕಾದ್ದು 1972ರಲ್ಲಿ. ಎದೆಯಲ್ಲಿ ಗಂಟು ಕಾಣಿಸಿತು. ಆಗಿನ ಪದ್ಧತಿ ಏನಿತ್ತೆಂಬುದನ್ನು ಮೊದಲು ವಿವರಿಸಿ, ಇಲ್ಲದಿದ್ದರೆ ಅವರು ಮಾಡಿದ್ದರ ತೂಕ ತಿಳಿಯುವುದಿಲ್ಲ. ಅರಿವಳಿಕೆ ಕೊಟ್ಟು ಗಂಟಿನ ತುಣುಕು ಪರೀಕ್ಷಿಸುತ್ತಿದ್ದರು, ಕ್ಯಾನ್ಸರ್ ಎಂದು ಕಂಡರೆ ಅದೇ ಮೇಜಿನ ಮೇಲೆ ಸ್ತನ ತೆಗೆದುಬಿಡುತ್ತಿದ್ದರು. ಏನಾಯಿತೆಂದು ಹೆಂಗಸಿಗೆ ತಿಳಿಯುತ್ತಿದ್ದದ್ದು ಎಚ್ಚರವಾದ ಮೇಲೆ. ಶರ್ಲಿ ಇದಕ್ಕೆ ಒಪ್ಪಲಿಲ್ಲ. ಮೊದಲು ಪರೀಕ್ಷೆಯಷ್ಟೇ ಮಾಡಿ, ಮುಂದಿನ ತೀರ್ಮಾನ ನನ್ನದು ಎಂದರು. ಶಸ್ತ್ರಚಿಕಿತ್ಸೆಯಾದ ಮೇಲೆ ಆಸ್ಪತ್ರೆಯಿಂದಲೇ ಸುದ್ದಿಗಾರರೊಂದಿಗೆ ಮಾತಾಡಿದರು. ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ತಮ್ಮ ಸ್ತನ ಕ್ಯಾನ್ಸರ್ ಬಗ್ಗೆ ಬಾಯಿಬಿಡುವುದಕ್ಕೆ ಎರಡು ವರ್ಷ ಮೊದಲು. ಈ ಪ್ಯಾರಾಕ್ಕೆ 150 ಪದ ಕೊಟ್ಟರೂ ಹೆಚ್ಚಲ್ಲ.

ಬರೆದು ಮುಗಿದ ಮೇಲೆ ಎರಡನೆಯ ಅರ್ಧದ ಕ್ರಿಯಾಪದಗಳಿಗೆಲ್ಲ ಪೆನ್ಸಿಲಿನಲ್ಲಿ ಅಡಿಗೆರೆ ಹಾಕಿ. "ನೇಮಕಗೊಂಡರು", "ಕಳುಹಿಸಲಾಯಿತು", "ಗೌರವಿಸಲಾಯಿತು" ಎಂಬಂಥವೇ ಹೆಚ್ಚಾಗಿದ್ದರೆ ಆ ಭಾಗವನ್ನು ಮತ್ತೆ ಬರೆಯಿರಿ: ಕಟ್ಟಿದರು, ಸ್ಪರ್ಧಿಸಿದರು, ಸೋತರು, ಒಪ್ಪಲಿಲ್ಲ, ಮಾತಾಡಿದರು.